ನಿಂತಾಗ ಮಾತ್ರ ಮಾತಾಡುವ ದನಿ

ನನ್ನ ಸೋದರಮಾವ ಇಪ್ಪತ್ತೆಂಟು ವರ್ಷ ನಾಟಕದವರ ಕಿವಿಯಲ್ಲಿ ಪಿಸುಗುಟ್ಟಿಯೇ ಬದುಕಿದವನು. ಪ್ರಾಂಪ್ಟರ್ ಎಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು. ರಂಗದ ಪಕ್ಕದ ಪರದೆಯ ಮರೆಯಲ್ಲಿ ಮೊಣಕಾಲೆತ್ತರದ ಒಂದು ಸ್ಟೂಲು, ತೊಡೆಯ ಮೇಲೆ ನಾಟಕದ ಪ್ರತಿ, ಕೈಯಲ್ಲಿ ಬೆರಳುದ್ದದ ಟಾರ್ಚು. ಪಾತ್ರ ಮಾಡುವವರು ಮಾತು ಮರೆತು ತಡವರಿಸಿದರೆ ಮುಂದಿನ ಎರಡು ಶಬ್ದವನ್ನು ಅವರ ಕಿವಿಗೆ ಮುಟ್ಟಿಸಬೇಕು, ಮೊದಲ ಸಾಲಿನಲ್ಲಿ ಕೂತವರ ಕಿವಿಗೆ ಮುಟ್ಟಿಸಬಾರದು. ಅಷ್ಟೇ ಕೆಲಸ. ‘ಅಷ್ಟೇನಾ’ ಎಂದು ನಾನೊಮ್ಮೆ ಅವನೆದುರಿಗೇ ಅಂದು, ಎರಡು ವಾರ ಅವನ ಊದಿದ ಮುಖ ನೋಡಬೇಕಾಯಿತು.

ದೊಡ್ಡ ದೊಡ್ಡ ನಟರು ಎಲ್ಲೆಲ್ಲಿ ಮರೆತಿದ್ದರು ಹೇಳು ಮಾವ ಎಂದು ಚಿಕ್ಕವಳಿದ್ದಾಗ ಗೋಗರೆಯುತ್ತಿದ್ದೆ. ಊಹೂಂ. “ಅದು ಹೊರಗೆ ಹೇಳೋ ಮಾತಲ್ಲ ಪುಟ್ಟಿ. ನಮ್ಮ ಕೆಲಸದಲ್ಲಿ ಮರೆತೋರ ಹೆಸರು ಎತ್ತಬಾರದು,” ಎನ್ನುತ್ತಿದ್ದ. ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ನಾಟಕದ ಮನೆ ಮುಚ್ಚಿತು. ಈಗ ಅಲ್ಲಿ ಬಚ್ಚಲಿಗೆ ಹಾಸುವ ಟೈಲ್ಸ್ ಮಾರುತ್ತಾರೆ. ಮಾವ ಒಂದು ಕನ್ನಡಕದ ಅಂಗಡಿಗೆ ಸೇರಿದ. ಗೋಡೆಯ ಮೇಲಿನ ಅಕ್ಷರಗಳನ್ನು ಗಿರಾಕಿಗಳಿಂದ ಓದಿಸಿ ಗುರುತು ಹಾಕಿಕೊಳ್ಳುವುದು ಅವನ ಕೆಲಸ. ಯಾರಾದರೂ ಐದನೇ ಸಾಲಿನಲ್ಲಿ ತಡವರಿಸಿದರೆ ಇವನ ಬಾಯಿ ತಡೆಯಬೇಕಲ್ಲ? ಮೆಲ್ಲಗೆ ಅಕ್ಷರ ಹೇಳಿಕೊಟ್ಟುಬಿಡುತ್ತಿದ್ದ. ಅವರು ಖುಷಿಯಿಂದ ಅದನ್ನೇ ಗಟ್ಟಿಯಾಗಿ ಹೇಳುತ್ತಿದ್ದರು. ಎರಡು ತಿಂಗಳಲ್ಲಿ ಆ ಬೀದಿಯ ಅರ್ಧ ಜನ ತಪ್ಪು ಕನ್ನಡಕ ಹಾಕಿಕೊಂಡು ಮೆಟ್ಟಿಲು ಎಡವುತ್ತಿದ್ದರು. ಅಂಗಡಿಯವನು ಕೈಮುಗಿದು ಕಳಿಸಿಕೊಟ್ಟ.

ಇದೆಲ್ಲ ನಗುವ ಸಂಗತಿ. ನಗಲಾರದ್ದು ಒಂದೇ. ನನ್ನ ಅಮ್ಮ, ಅಂದರೆ ಮಾವನ ಒಡಹುಟ್ಟಿದ ಅಕ್ಕ, ಅವನೊಂದಿಗೆ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದಳು.

ಅಮ್ಮ ಅದೇ ತಂಡದಲ್ಲಿ ದೊಡ್ಡ ನಟಿ. ಹನ್ನೊಂದು ವರ್ಷದ ಹಿಂದೆ ಒಂದು ಸಂಜೆಯ ನಾಟಕದಲ್ಲಿ ಅವಳದು ಮಗನ ಸಾವಿನ ಸುದ್ದಿ ಕೇಳುವ ತಾಯಿಯ ಪಾತ್ರ. ಸುದ್ದಿ ತಂದವನು ಹೇಳಿ ಮುಗಿಸುತ್ತಾನೆ, ಅವಳು ‘ಬಾಗಿಲು ಹಾಕಬೇಡಿ’ ಎಂದು ಶುರುಮಾಡಬೇಕು. ಅವಳು ಶುರುಮಾಡಲಿಲ್ಲ. ಸುಮ್ಮನೆ ನಿಂತಳು. ಸೂಜಿ ಬಿದ್ದರೂ ಕೇಳುವಂಥ ಮೌನ. ಜನ ಉಸಿರು ಬಿಗಿಹಿಡಿದು ಕೂತಿದ್ದಾರೆ. ಆಗ ಪರದೆಯ ಮರೆಯಿಂದ ಮಾವನ ಪಿಸುಮಾತು ಬಂತು, “ಬಾಗಿಲು ಹಾಕಬೇಡಿ.” ಆ ಮೌನದಲ್ಲಿ ಅದು ಮೂರನೇ ಸಾಲಿನ ತನಕ ಕೇಳಿಸಿತು. ಮೂರನೇ ಸಾಲಿನಲ್ಲಿದ್ದವನೊಬ್ಬ “ಹಾಕಲ್ಲ ಬಿಡಿ” ಎಂದುಬಿಟ್ಟ. ಇಡೀ ಸಭೆ ಗೊಳ್ಳೆಂದು ನಕ್ಕಿತು.

ಅಮ್ಮ ಹೇಗೋ ನಾಟಕ ಮುಗಿಸಿ ಮನೆಗೆ ಬಂದಳು. “ಮಗ ಸತ್ತ ಸುದ್ದಿ ಕೇಳಿದ ತಾಯಿ ಪಟಪಟ ಅಂತ ಮಾತಾಡ್ತಾಳಾ? ಬೇಕಂತಲೇ ನಿಂತಿದ್ದೆ. ಅಷ್ಟು ಅರ್ಥ ಆಗ್ಲಿಲ್ವಾ ಅವನಿಗೆ?” ಅಂದಳು. ಮರುದಿನ ಪತ್ರಿಕೆಯವರೂ ಅದನ್ನೇ ಬರೆದರು, ನಟಿಯ ಅಪರೂಪದ ಮೌನವನ್ನು ಪ್ರಾಂಪ್ಟರ್ ಹಾಳುಮಾಡಿದ ಎಂದು. ತಂಡದವರು ಮಾವನನ್ನು ಸ್ಟೂಲಿನಿಂದ ಎಬ್ಬಿಸಿ ಬಾಗಿಲಲ್ಲಿ ಟಿಕೆಟ್ ಹರಿಯಲು ನಿಲ್ಲಿಸಿದರು. ಮಾವ ಎದುರಾಡಲಿಲ್ಲ. ಆ ಸಂಜೆ ಅಮ್ಮ ಬಿಟ್ಟ ಮಾತನ್ನು ಮತ್ತೆ ಹಿಡಿಯಲಿಲ್ಲ.

ಮಾತು ಬಿಟ್ಟರೂ ಮಾವ ಪ್ರತಿ ಬುಧವಾರ ನಮ್ಮ ಮನೆಗೆ ಬರುತ್ತಿದ್ದ. ಅಮ್ಮ ಅವನೆದುರೇ ಕೂತು, “ನಿನ್ನ ಮಾವನಿಗೆ ಹೇಳು, ಕೊಡೆ ಇಲ್ಲೇ ಬಿಟ್ಟು ಹೋಗಿದ್ದ ಅಂತ,” ಎನ್ನುತ್ತಿದ್ದಳು. ಅವನು ನನ್ನ ಕಡೆ ತಿರುಗಿ, “ಅಕ್ಕನಿಗೆ ಹೇಳು, ಬೇಕಂತಲೇ ಬಿಟ್ಟಿದ್ದೆ ಅಂತ,” ಎನ್ನುತ್ತಿದ್ದ. ನಾಲ್ಕಡಿ ದೂರದಲ್ಲಿ ಕೂತ ಇಬ್ಬರ ನಡುವೆ ನಾನು ಟಪಾಲು ಹೊತ್ತು ಹೊತ್ತು ಸಾಕಾಗಿಹೋಗಿದ್ದೆ. ಯಾರು ಸರಿ, ಯಾರು ತಪ್ಪು ಎಂದು ಮಾತ್ರ ನನಗೆ ಒಂದು ದಿನವೂ ಬಗೆಹರಿಯಲಿಲ್ಲ. ಮಾವನಿಗೆ ಬೇಕಿದ್ದುದು ಇಷ್ಟೇ, ಅಕ್ಕ ಒಮ್ಮೆ ತನ್ನ ಮುಖ ನೋಡಿ ಮಾತಾಡಬೇಕು. ಅರವತ್ತು ದಾಟಿದ ಗಂಡಸು ಅದೊಂದಕ್ಕೆ ಕಾದು ಕೂತಿದ್ದ.

ಇನ್ನು ನನ್ನ ಕೆಲಸದ ವಿಷಯ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಮೂರು ಮೇಜಿನ ಆಫೀಸು ನಮ್ಮದು. ಜಿಯೋಕ್ಯಾಚಿಂಗ್ ಆಟಕ್ಕೆ ದಾರಿ ತೋರಿಸುವ ಆ್ಯಪ್ ಮಾಡುತ್ತೇವೆ. ಯಾರೋ ಒಬ್ಬರು ಊರಿನಲ್ಲಿ ಎಲ್ಲೋ ಒಂದು ಪುಟ್ಟ ಡಬ್ಬಿ ಅಡಗಿಸಿಟ್ಟು ಅದು ಇರುವ ಜಾಗವನ್ನು ಆ್ಯಪ್‌ನಲ್ಲಿ ಗುರುತು ಹಾಕುತ್ತಾರೆ. ಉಳಿದವರು ಫೋನು ಹಿಡಿದು ಹುಡುಕಿ, ಡಬ್ಬಿಯೊಳಗಿನ ಪುಸ್ತಕದಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಬರುತ್ತಾರೆ. ಇದರಲ್ಲಿ ಏನು ಸುಖ ಎಂದು ನನ್ನನ್ನು ಕೇಳಬೇಡಿ, ನನ್ನ ಅಮ್ಮನನ್ನು ಕೇಳಿ. ಪರೀಕ್ಷೆಗೆಂದು ಅವಳ ಫೋನಿಗೆ ಹಾಕಿಕೊಟ್ಟಿದ್ದೆ. ಆರು ತಿಂಗಳಲ್ಲಿ ನೂರಹನ್ನೆರಡು ಡಬ್ಬಿ ಹುಡುಕಿದ್ದಳು.

ಕಷ್ಟ ಏನೆಂದರೆ, ಜನ ಕಣ್ಣನ್ನು ಫೋನಿಗೆ ಅಂಟಿಸಿಕೊಂಡು ನಡೆದು ಕಂಬಕ್ಕೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಒಬ್ಬರ ಪಾದ ಮುರಿಯಿತು. ದಾರಿಯನ್ನು ಕಿವಿಯಲ್ಲೇ ಹೇಳುವಂತೆ ಮಾಡೋಣ ಎಂದುಕೊಂಡೆವು. ಮೊದಲು ಯಂತ್ರದ ದನಿ ಹಾಕಿದೆವು. ಅದು ಹಾಜರಿ ಕೂಗುವ ಹಾಗೆ ಕೂಗುತ್ತಿತ್ತು. ‘ಇದರ ಮಾತು ಕೇಳಿ ನಡೆಯೋದಕ್ಕಿಂತ ಕಳೆದುಹೋಗೋದೇ ವಾಸಿ’ ಎಂದು ಒಬ್ಬರು ಬರೆದರು. ಮನುಷ್ಯರ ದನಿಯೇ ಬೇಕು ಎಂದಾಯಿತು. ಜೀವಮಾನವೆಲ್ಲ ಕಿವಿಯಲ್ಲಿ ಮಾತಾಡಿದವನು ನಮ್ಮವನೇ ಇರುವಾಗ ಹೊರಗೆ ಯಾಕೆ ಹುಡುಕಲಿ?

ಮಾವನಿಗೆ ಎಲ್ಲ ವಿವರಿಸಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ.

“ಅಕ್ಕ ಇದನ್ನ ಕೇಳಿಸ್ಕೋತಾಳಾ?”

“ಅವಳೇ ಎಲ್ಲರಿಗಿಂತ ಜಾಸ್ತಿ ಕೇಳೋದು,” ಎಂದೆ.

“ಹಂಗಾದ್ರೆ ಮಾಡ್ತೀನಿ.”

ಮಾವನ ಒಂಟಿ ಕೋಣೆಯಲ್ಲಿ, ಬಟ್ಟೆಯ ಬೀರುವಿನ ಬಾಗಿಲು ತೆರೆದು, ಕಂಬಳಿ ಇಳಿಬಿಟ್ಟು ಮೂರು ದಿನ ರೆಕಾರ್ಡ್ ಮಾಡಿದೆವು. ಅವನ ತಲೆ ಬೀರುವಿನೊಳಗೆ, ಕಾಲು ಹೊರಗೆ. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹೊರಗೆ ಕೂತಿದ್ದೆ. ದನಿ ಚೆನ್ನಾಗಿತ್ತು, ತುಂಬ ಚೆನ್ನಾಗಿತ್ತು. ನಮ್ಮ ಹೆಗಲ ಹಿಂದೆಯೇ ಬೇಕಾದವರು ಯಾರೋ ನಿಂತು ಹೇಳಿದ ಹಾಗಿತ್ತು. ಕತ್ತರಿಸಿ ಜೋಡಿಸುವ ಕೆಲಸವನ್ನು ನಮ್ಮ ಆಫೀಸಿನ ನಕ್ಷೆಯ ವಿಭಾಗದವನಿಗೆ ಕೊಟ್ಟೆ. ಅವನನ್ನು ನಾವೆಲ್ಲ ನಕ್ಷೆಯಣ್ಣ ಎನ್ನುತ್ತೇವೆ. ಪೂರ್ತಿ ಕೇಳಿ ನೋಡುವ ತಾಳ್ಮೆ ಅವನಿಗೂ ಇರಲಿಲ್ಲ, ನನಗೂ ಇರಲಿಲ್ಲ. ಅದೇ ತಪ್ಪಾಯಿತು.

ಐದು ಜನರನ್ನು ಬೀದಿಗೆ ಬಿಟ್ಟೆವು. ಅರ್ಧ ಗಂಟೆಯಲ್ಲಿ ಐವರೂ ಒಬ್ಬರ ಹಿಂದೊಬ್ಬರು ಫೋನ್ ಮಾಡಿದರು. ಒಬ್ಬ ಹೆಂಗಸು ಕ್ಷೌರದಂಗಡಿಯ ಮುಂದೆ ಹತ್ತು ನಿಮಿಷದಿಂದ ನಿಂತಿದ್ದರಂತೆ. “‘ಮುಂದಿನ ತಿರುವಿನಲ್ಲಿ’ ಅಂತ ಹೇಳ್ತು ಮೇಡಂ. ಆಮೇಲೆ ಏನೂ ಹೇಳ್ಲೇ ಇಲ್ಲ. ಒಳಗಿರೋರೆಲ್ಲ ನನ್ನನ್ನೇ ನೋಡ್ತಿದ್ದಾರೆ,” ಎಂದರು. ಇನ್ನೊಬ್ಬನಿಗೆ ‘ಮೂವತ್ತು ಹೆಜ್ಜೆ’ ಎಂದಷ್ಟೇ ಕೇಳಿಸಿತ್ತು. ಯಾವ ಕಡೆಗೆ ಎಂದು ತಿಳಿಯದೆ ಒಂದೊಂದು ದಿಕ್ಕಿಗೂ ಮೂವತ್ತು ಹೆಜ್ಜೆ ನಡೆದು ನೋಡಿದ್ದ. ಎಲ್ಲರೂ ಕಕ್ಕಾಬಿಕ್ಕಿ.

ರೆಕಾರ್ಡ್ ಹಾಕಿ ಕೇಳಿದೆ. ನಾನು ಕಾಗದದಲ್ಲಿ ಬರೆದುಕೊಟ್ಟ ಪ್ರತಿಯೊಂದು ವಾಕ್ಯದಲ್ಲೂ ಮಾವ ಮೊದಲ ಎರಡು ಶಬ್ದ ಮಾತ್ರ ಹೇಳಿ ನಿಲ್ಲಿಸಿದ್ದ. ಬೀರುವಿನ ಹೊರಗೆ ಕೂತಿದ್ದ ನನಗೆ ಅದು ಯಾಕೆ ಗೊತ್ತಾಗಲಿಲ್ಲ? ಅವನು ನಿಲ್ಲಿಸಿದ ಕೂಡಲೇ, ಕಾಗದ ನೋಡುತ್ತ ಕೂತಿದ್ದ ನನ್ನ ತಲೆಯೇ ಉಳಿದದ್ದನ್ನು ತುಂಬಿಸಿಕೊಂಡಿತ್ತು. ತಲೆ ಕೆಟ್ಟು ಕೆರ ಹಿಡಿದುಹೋಯಿತು. ಸೀದಾ ಅವನ ಕೋಣೆಗೆ ಹೋಗಿ ಜಗಳಕ್ಕೆ ನಿಂತೆ.

“ಪೂರ್ತಿ ಯಾಕೆ ಹೇಳ್ಲಿಲ್ಲ ಮಾವ?”

“ಪೂರ್ತಿ ಹೇಳಿದ್ರೆ ನಾನೇ ಪಾತ್ರ ಮಾಡಿದ ಹಾಗಾಯ್ತಲ್ಲ. ಎರಡು ಶಬ್ದ ಕೊಟ್ರೆ ಸಾಕು, ಉಳಿದದ್ದು ಅವರಿಗೇ ಗೊತ್ತಿರುತ್ತೆ.”

“ನಡೆಯೋರಿಗೆ ಏನೂ ಗೊತ್ತಿರಲ್ಲ. ಅವರು ಯಾರೂ ಮಾತು ಬಾಯಿಪಾಠ ಮಾಡ್ಕೊಂಡು ಬಂದಿಲ್ಲ.”

ಮಾವ ನನ್ನ ಮುಖ ನೋಡಿದ. “ಏನೂ ಗೊತ್ತಿಲ್ದೆ ಮನೆಯಿಂದ ಹೊರಗೆ ಬರ್ತಾರಾ?” ಎಂದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಮತ್ತೆ ಮೂರು ದಿನ ಬೀರು, ಕಂಬಳಿ. ಈ ಸಲ ಒಂದೊಂದು ವಾಕ್ಯ ಮುಗಿಯುವ ತನಕ ಅವನ ಮಂಡಿ ತಟ್ಟುತ್ತ ಕೂತೆ. ಅವನಿಗೆ ಸಂಕಟ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ, ಬೇರೆಯವರ ಮನೆಯೊಳಗೆ ಕಾಲಿಟ್ಟವನಂತೆ ದನಿ ಸಣ್ಣಗಾಗುತ್ತಿತ್ತು. ಅಂತೂ ಮುಗಿಯಿತು.

ಒಂದು ಬೆಳಿಗ್ಗೆ ಅದನ್ನು ಮನೆಯಲ್ಲಿ ಕೇಳುತ್ತ ಕೂತಿದ್ದೆ. ಅಮ್ಮ ತಲೆ ಒರೆಸಿಕೊಳ್ಳುತ್ತ ಬಂದವಳು ಬಾಗಿಲಲ್ಲೇ ನಿಂತಳು. ಏಳೆಂಟು ವಾಕ್ಯ ಕೇಳಿದಳು.

“ಉಸಿರು ಎಲ್ಲಿ ತಗೋಬೇಕು ಅಂತ ಇನ್ನೂ ಗೊತ್ತಾಗಿಲ್ಲ ಅವನಿಗೆ,” ಎಂದು ಹೇಳಿ ಒಳಗೆ ಹೋದಳು.

ಬುಧವಾರ ಮಾವನಿಗೆ ಇದನ್ನು ಒಪ್ಪಿಸಿದೆ. ಬೇಜಾರಾಗುತ್ತಾನೆ ಎಂದುಕೊಂಡಿದ್ದೆ. ಅವನು ಕಾಫಿ ಲೋಟ ಕೆಳಗಿಟ್ಟ.

“‘ಅವನಿಗೆ’ ಅಂದ್ಳಾ? ‘ನಿನ್ನ ಮಾವನಿಗೆ’ ಅನ್ಲಿಲ್ವಾ?”

“ಅವನಿಗೆ ಅಂತಲೇ ಅಂದ್ಳು.”

“ಸರಿಯಾಗಿ ನೆನಪು ಮಾಡ್ಕೋ.”

ನೆನಪು ಮಾಡಿಕೊಂಡೆ, ಹೌದು ಎಂದೆ. ಅವನು ಇಡೀ ಸಂಜೆ ಮೀಸೆಯೊಳಗೇ ನಗುತ್ತಿದ್ದ. ಬೈದದ್ದಕ್ಕೆ ಹೀಗೆ ಖುಷಿಪಡುವವರನ್ನು ನಾನು ಕಂಡಿರಲಿಲ್ಲ. ಅಮ್ಮ ಬೈದದ್ದೋ, ಮೆಚ್ಚಿದ್ದೋ, ಅದೂ ನನಗೆ ತಿಳಿಯಲಿಲ್ಲ.

ಆಮೇಲೆ ಇನ್ನೊಂದು ತಕರಾರು. ದನಿ ಯಾವಾಗ ಮಾತಾಡಬೇಕು? ಹತ್ತು ಹೆಜ್ಜೆಗೊಮ್ಮೆ ಮಾತಾಡಲಿ ಎಂದು ನಕ್ಷೆಯಣ್ಣ. ಅಷ್ಟು ಮಾತಾಡಿದರೆ ಮನುಷ್ಯ ಫೋನನ್ನೇ ಚರಂಡಿಗೆ ಎಸೆಯುತ್ತಾನೆ, ದಾರಿ ತಪ್ಪಿದಾಗ ಮಾತ್ರ ಹೇಳಬೇಕು ಎಂದು ಮಾವ. ಮಾವನ ಮಾತು ನನಗೂ ಸರಿಯೆನಿಸಿತು. ಆದರೆ ದಾರಿ ತಪ್ಪಿದೆ ಎಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಅರ್ಧ ನಿಮಿಷ ನಿಂತಲ್ಲೇ ನಿಂತರೆ ದಾರಿ ತಪ್ಪಿದೆ ಎಂದು ಲೆಕ್ಕ, ಆಗ ದನಿ ಬರಲಿ ಎಂದು ನಾನು ಮಾಡಿಬಿಟ್ಟೆ.

ಜನ ಮೆಚ್ಚಿದರು, ಜೊತೆಗೆ ಬೈದರು. ನಿಂತು ಬೂಟಿನ ದಾರ ಕಟ್ಟಿದರೆ ‘ಬಲಕ್ಕೆ ತಿರುಗಿ’. ಗೆಳೆಯ ಸಿಕ್ಕಿ ನಿಂತು ಮಾತಾಡಿದರೆ ‘ಇನ್ನು ನಲವತ್ತು ಹೆಜ್ಜೆ ಇದೆ’. ತೀರಿಹೋದ ಅಪ್ಪನ ಹಳೆಯ ಅಂಗಡಿ ನೋಡುತ್ತ ಸುಮ್ಮನೆ ನಿಂತಿದ್ದೆ, ಹಿಂದೆ ತಿರುಗಿ ಹೋಗು ಎಂದು ಕಿವಿಯಲ್ಲಿ ಹೇಳಿತು ಎಂದು ಒಬ್ಬರು ಬರೆದಿದ್ದರು. ಅದನ್ನು ಮಾವನಿಗೆ ಓದಿ ಹೇಳಿದ್ದೇ ತಪ್ಪಾಯಿತು. ಅವನು ಕಾಫಿ ಕುಡಿಯುವುದನ್ನು ಅರ್ಧಕ್ಕೇ ಬಿಟ್ಟ.

“ತೆಗೆದುಬಿಡು ಇದನ್ನ. ನಿಂತೋರೆಲ್ಲ ದಾರಿ ತಪ್ಪಿದೋರಲ್ಲ.”

“ಮತ್ತೆ ಹೇಗೆ ಗೊತ್ತಾಗ್ಬೇಕು?”

“ಮುಖ ನೋಡಿದ್ರೆ ಗೊತ್ತಾಗುತ್ತೆ.”

“ಮುಖ ಎಲ್ಲಿಂದ ತರ್ಲಿ ಮಾವ? ನಮಗೆ ಕಾಣೋದು ನಕ್ಷೆ ಮೇಲೆ ಒಂದು ಚುಕ್ಕಿ.”

“ಹಂಗಾದ್ರೆ ನನ್ನ ಕೈಲಾಗಲ್ಲ.”

ನನಗೂ ರೇಗಿತು. “ಅವತ್ತು ಅಮ್ಮನ ಮುಖ ಕಾಣ್ತಿತ್ತಲ್ಲ, ಆಗ ಏನಾಗಿತ್ತು ನಿನಗೆ?” ಎಂದುಬಿಟ್ಟೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ.

ಮಾವ ಲೋಟದೊಳಗೆ ನೋಡಿದ. “ಅವತ್ತಿಂದು ನನ್ನ ತಪ್ಪು. ಬಿಡು,” ಎಂದ.

ಕೊನೆಗೆ ಒಂದು ದಾರಿ ಹುಡುಕಿದೆವು. ಭಾನುವಾರ ದೊಡ್ಡ ಹುಡುಕಾಟ ಇತ್ತು, ಮೂವತ್ತು ಜನ. ಅವತ್ತಿನ ಮಟ್ಟಿಗೆ ದನಿ ತಾನಾಗಿ ಬರುವುದು ಬೇಡ. ಯಾವ ಚುಕ್ಕಿ ನಿಂತಿತೋ ಅದರ ಪಕ್ಕದಲ್ಲಿ ನಮ್ಮ ಆಫೀಸಿನ ಕಂಪ್ಯೂಟರ್ ಪರದೆಯ ಮೇಲೆ ‘ಹೇಳಲೇ?’ ಎಂದು ಬರಲಿ. ಮಾವ ಕೂತು ‘ಹೇಳು’ ಅಥವಾ ‘ಬೇಡ’ ಒತ್ತಲಿ. ನಕ್ಷೆಯಣ್ಣ ತಲೆ ಚಚ್ಚಿಕೊಂಡ. ನಾನು ಹಿಡಿದ ಪಟ್ಟು ಬಿಡಲಿಲ್ಲ.

ಹುಡುಕಾಟಕ್ಕೆ ಅಮ್ಮನೂ ಹೆಸರು ಕೊಟ್ಟಿದ್ದಳು. ಶನಿವಾರ ಕೇಳಿದಳು, “ನಾಳೆ ಅಲ್ಲಿ ಯಾರು ಕೂತಿರ್ತಾರೆ?”

“ನಾನು. ಮಾವ.”

ಅಮ್ಮ ತಲೆ ಬಾಚುತ್ತಲೇ ಇದ್ದಳು. ಹೋಗುವುದೇ ಇಲ್ಲ ಎನ್ನುತ್ತಾಳೆಂದು ಕಾದೆ. “ಫೋನ್ ಚಾರ್ಜಿಗೆ ಹಾಕು,” ಎಂದಳು. ಈ ಮನೆಯಲ್ಲಿ ಯಾವ ಮಾತಿಗೆ ಏನರ್ಥ ಎಂದು ಹೇಳಿಕೊಡಲು ನನಗೂ ಒಬ್ಬ ಪ್ರಾಂಪ್ಟರ್ ಬೇಕಿತ್ತು.

ಭಾನುವಾರ ಬೆಳಿಗ್ಗೆ ಎಂಟಕ್ಕೆಲ್ಲ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಪರದೆಯ ಮುಂದೆ ಕೂತ. ಅಮ್ಮನದು ಏಳನೇ ಚುಕ್ಕಿ. ಒಂಬತ್ತಕ್ಕೆ ಮೂವತ್ತು ಚುಕ್ಕಿಗಳೂ ಹೊರಟವು. ಮಾವನ ಕೆಲಸ ನೋಡಿ ನನಗೆ ಬೆರಗಾಯಿತು. ಮೂರನೇ ಚುಕ್ಕಿ ಪಾರ್ಕಿನ ಬಾಗಿಲ ಬಳಿ ನಿಂತಿತು. “ಬೇಡ. ಅಲ್ಲಿ ಬೆಂಚಿದೆ, ಕೂತಿರ್ತಾರೆ,” ಎಂದ. ಹನ್ನೊಂದನೆಯದು ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ಹೋಗಿ ನಿಂತಿತು. “ಇದಕ್ಕೆ ಹೇಳು, ಪಾಪ,” ಎಂದ. ಒಂದು ಗಂಟೆ ಯಾರೂ ಫೋನ್ ಮಾಡಿ ಬೈಯಲಿಲ್ಲ. ನಕ್ಷೆಯಣ್ಣ ಕೂಡ ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಕೂತ.

ಹತ್ತೂ ಕಾಲಿಗೆ ಏಳನೇ ಚುಕ್ಕಿ ನಿಂತಿತು.

ಮುದ್ರಣಾಲಯದ ಹಿಂದಿನ ಓಣಿ ಅದು. ಎರಡೂ ಕಡೆ ಎತ್ತರದ ಗೋಡೆ, ಕವಲೊಡೆಯುವ ಮೂರು ದಾರಿ. ‘ಹೇಳಲೇ?’ ಎಂದು ಪರದೆ ಕೇಳಿತು. ಮಾವ ಬೆರಳು ಎತ್ತಿದ, ಇಳಿಸಿದ. ‘ಬೇಡ’ ಒತ್ತಿದ. ಅರ್ಧ ನಿಮಿಷಕ್ಕೆ ಮತ್ತೆ ಕೇಳಿತು. ಮತ್ತೆ ‘ಬೇಡ’.

ನಾಲ್ಕು ನಿಮಿಷ ಆಯಿತು. ಉಳಿದ ಚುಕ್ಕಿಗಳನ್ನು ನಕ್ಷೆಯಣ್ಣ ನೋಡಿಕೊಳ್ಳತೊಡಗಿದ. ಮಾವ ಏಳನೆಯದನ್ನು ಬಿಟ್ಟು ಕಣ್ಣು ತೆಗೆಯಲಿಲ್ಲ.

“ಮಾವ, ಅವಳಿಗೆ ದಾರಿ ತಪ್ಪಿದೆ.”

“ನಿಂತಿದ್ದಾಳೆ, ಅಷ್ಟೇ.”

“ಆ ಓಣೀಲಿ ನೋಡೋಕೆ ಏನಿದೆ? ಗೋಡೆ ನೋಡ್ತಾ ನಿಲ್ತಾಳಾ?”

“ಇನ್ನೊಂದು ಸಲ ನನ್ನಿಂದ ಆಗಲ್ಲ ಪುಟ್ಟಿ.”

ಎಂಟು ನಿಮಿಷ. ನಾನೇ ಒತ್ತಲು ಕೈ ಚಾಚಿದೆ, ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. ಎಷ್ಟು ಬಿಗಿಯಾಗಿ ಹಿಡಿದನೆಂದರೆ ಬಳೆ ಒತ್ತಿ ನೋವಾಯಿತು. ಅಮ್ಮ ಬೇಕೆಂದೇ ನಿಂತಿದ್ದಾಳೋ, ಸುಸ್ತಾಗಿ ಕೂತಿದ್ದಾಳೋ, ಇವನನ್ನು ಪರೀಕ್ಷೆ ಮಾಡುತ್ತಿದ್ದಾಳೋ, ನನಗೆ ಒಂದೂ ತಿಳಿಯದು. ಅವನಿಗೂ ತಿಳಿಯದು. ಎಂಟು ನಿಮಿಷ ಹತ್ತಾಯಿತು.

ನನ್ನ ಫೋನ್ ಬಡಿದುಕೊಂಡಿತು. ಅಮ್ಮ.

“ನಿನ್ನ ಮಾವ ಅಲ್ಲಿದ್ದಾನಾ?”

“ಇದ್ದಾನೆ. ಏನು ಹೇಳ್ಲಿ ಅವನಿಗೆ?”

“ನೀನೇನೂ ಹೇಳ್ಬೇಡ. ಫೋನ್ ಕೊಡು.”

ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.

“ಏನೋ,” ಎಂದಳು ಅಮ್ಮ, ನಿನ್ನೆ ಮಾತಾಡಿ ಇವತ್ತು ಮುಂದುವರಿಸಿದವಳ ಹಾಗೆ. “ಹತ್ತು ನಿಮಿಷದಿಂದ ನಿಂತಿದೀನಿ. ಬಾಯಿಗೆ ಏನಾಗಿದೆ ನಿಂಗೆ?”

ಮಾವ ಫೋನಿನ ಹತ್ತಿರ ಬಗ್ಗಿದ. “ಬೇಕಂತ ನಿಂತಿದೀಯಾ ಅನ್ಕೊಂಡೆ ಅಕ್ಕ.”

ಆ ಕಡೆಯಿಂದ ಯಾವುದೋ ಯಂತ್ರದ ಸದ್ದು ಕೇಳಿಸುತ್ತಿತ್ತು. ಅಮ್ಮ ಹೇಳಿದಳು, “ಅವತ್ತೂ ನಾನು ಬೇಕಂತ ನಿಂತಿರ್ಲಿಲ್ಲ ಕಣೋ.”

ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಅಮ್ಮನಿಗೆ ಮಾತು ಮರೆತಿತ್ತು. ಪತ್ರಿಕೆಯವರು ಹೊಗಳಿದ ಮೌನ, ಮಾವನನ್ನು ಸ್ಟೂಲಿನಿಂದ ಎಬ್ಬಿಸಿದ ಮೌನ, ನನ್ನನ್ನು ಹನ್ನೊಂದು ವರ್ಷ ಟಪಾಲಿನವಳನ್ನಾಗಿ ಮಾಡಿದ ಮೌನ, ಅದು ಬರೀ ಮರೆವು.

“ಗೊತ್ತಿತ್ತು ಅಕ್ಕ,” ಎಂದ ಮಾವ. “ನೀನು ನನ್ನ ಕಡೆ ನೋಡಿದ್ದೆಯಲ್ಲ.”

ಫೋನ್ ಕಡಿಯಿತೇನೋ ಎಂದು ನಾನು ಬಗ್ಗಿ ನೋಡಿದೆ. ಕಡಿದಿರಲಿಲ್ಲ.

“ಮತ್ತೆ ಯಾಕೋ ಯಾರಿಗೂ ಹೇಳ್ಲಿಲ್ಲ? ನಿನ್ನನ್ನ ಬಾಗಿಲಲ್ಲಿ ನಿಲ್ಲಿಸಿದಾಗಲಾದ್ರೂ ಹೇಳ್ಬಾರ್ದಿತ್ತಾ?”

“ಅದು ಹೆಂಗೆ ಹೇಳೋಕಾಗುತ್ತೆ?” ಎಂದ ಮಾವ. ಹೇಳಬಹುದಿತ್ತು ಎಂಬುದೇ ಅವನಿಗೆ ಹೊಸ ವಿಷಯವಾಗಿತ್ತು. “ಇವತ್ತು ನಿನ್ನ ಮುಖ ಕಾಣ್ಲಿಲ್ಲ, ಅದಕ್ಕೇ ಗೊತ್ತಾಗ್ಲಿಲ್ಲ.”

ಅಮ್ಮ ಅಳುತ್ತಿದ್ದಳು. ಇಪ್ಪತ್ತು ನಾಟಕಗಳಲ್ಲಿ ಅವಳು ಅತ್ತದ್ದನ್ನು ನೋಡಿದ್ದೇನೆ, ಇದು ಆ ಅಳು ಅಲ್ಲ. ಇದರಲ್ಲಿ ಮೂಗು ಸೊರಸೊರ ಎನ್ನುವುದೂ ಇತ್ತು. ನನಗೆ ಸಿಟ್ಟು ಬಂದಿತ್ತು, ಇಬ್ಬರಲ್ಲಿ ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ನಕ್ಷೆಯಣ್ಣ ಎದ್ದು ಕಿಟಕಿಯ ಬಳಿ ಹೋಗಿ ನಿಂತ.

“ಸರಿ,” ಎಂದಳು ಅಮ್ಮ ಕೊನೆಗೆ. “ಈಗ ಯಾವ ಕಡೆ ತಿರುಗ್ಲಿ, ಹೇಳು.”

ಮಾವ ಬಾಯಿ ತೆರೆದ. ನಕ್ಷೆ ಅವನ ಕಣ್ಣೆದುರೇ ಇತ್ತು. ದನಿ ಬರಲಿಲ್ಲ. ಅವನ ತುಟಿ ಎರಡು ಸಲ ಅಲುಗಿತು. ನಾನು ಸುಮ್ಮನಿರಬೇಕೋ, ಮಾತಾಡಬೇಕೋ ಎಂದು ತಿಳಿಯದೆ ನಿಂತಿದ್ದೆ. ಆಗ ಅವನು ತಿರುಗಿ ನನ್ನ ಕಡೆ ನೋಡಿದ.

“ಎಡಕ್ಕೆ,” ಎಂದೆ, ಅವನಿಗೆ ಮಾತ್ರ ಕೇಳುವಷ್ಟು.

“ಎಡಕ್ಕೆ ಅಕ್ಕ,” ಎಂದ ಮಾವ.